ಅಜ್ಜ-ಅಜ್ಜಿಯರ ಜೊತೆ ಹೈಸ್ಕೂಲು, ಪಿಯು ಮಕ್ಕಳು: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಹಿರಿಯರು ಮತ್ತು ಹದಿಹರೆಯದ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಸಂಘ ಅಲ್ಲ, ಬೋರ್ಡು ಇಲ್ಲ, ಪದಾಧಿಕಾರಿಗಳು ಇಲ್ಲ. ನಿಟ್ಟುವಳ್ಳಿ, ವಿದ್ಯಾನಗರ, ಹಳೇ ದಾವಣಗೆರೆ ಕಡೆಯವರು, ಆಮೇಲೆ ಹರಿಹರದವರು ಕೂಡ "ನಾವೂ ಶುರು ಮಾಡಬೇಕು, ಹೇಗೆ?" ಅಂತ ಕೇಳುತ್ತಲೇ ಇರುತ್ತಾರೆ. ಜಾಸ್ತಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮ ಓಣಿಗೆ ಹೊಂದುವುದನ್ನು ತಗೊಳ್ಳಿ, ಉಳಿದದ್ದನ್ನು ಬಿಡಿ.

ಇದರಿಂದ ನಿಜವಾಗಿ ಏನು ಉಪಯೋಗ?

ಒಂಟಿತನ ಕಮ್ಮಿ ಆಗುತ್ತದೆ. ಅಜ್ಜ-ಅಜ್ಜಿಯರಿಗೆ ಮಾತ್ರ ಅಲ್ಲ, ಮಕ್ಕಳಿಗೂ.

ಒಂಟಿತನ ಅಂದಕೂಡಲೇ ನಾವೆಲ್ಲ ವಯಸ್ಸಾದವರನ್ನೇ ನೆನೆಯುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಈ ಬಗ್ಗೆ ಒಂದು ದೊಡ್ಡ ವರದಿ ಹೊರತಂದಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತದೆ ಅಂತ ಅದರಲ್ಲಿದೆ. 13ರಿಂದ 29 ವರ್ಷದವರಲ್ಲಿ ಈ ಪ್ರಮಾಣ ಶೇ. 17ರಿಂದ 21, ಅದರಲ್ಲೂ ಹದಿಹರೆಯದವರಲ್ಲೇ ಹೆಚ್ಚು. ಅಂದರೆ ಮನೆ ಮುಂದಿನ ಕಟ್ಟೆಯಲ್ಲಿ ಸುಮ್ನೆ ಕೂತಿರುವ ಅಜ್ಜ, ಒಳಗೆ ಮೊಬೈಲ್ ಹಿಡಿದು ಮಲಗಿರುವ ಹುಡುಗ, ಇಬ್ಬರದ್ದೂ ಒಂದೇ ತೊಂದರೆ ಇರಬಹುದು. ಇಬ್ಬರ ನಡುವೆ ಇರುವುದು ಒಂದು ಗೋಡೆ ಅಷ್ಟೇ. ಒಂಟಿತನವನ್ನು ಬರೀ ಮನಸ್ಸಿನ ಬೇಜಾರು ಅಂತ ತಳ್ಳಿಹಾಕುವ ಹಾಗಿಲ್ಲ. ಹೃದಯದ ಕಾಯಿಲೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಖಿನ್ನತೆ ಇವೆಲ್ಲ ಒಂಟಿಯಾಗಿರುವವರಿಗೆ ಹೆಚ್ಚು ಬರುತ್ತವೆ ಅಂತಲೂ ಅದೇ ವರದಿ ಹೇಳುತ್ತದೆ.

ಇನ್ನೊಂದು ಉಪಯೋಗವೂ ಇದೆ. ವಯಸ್ಸಾದವರ ಬಗ್ಗೆ ಇರುವ ತಾತ್ಸಾರ ಹೋಗಬೇಕಾದರೆ ಮೂರು ದಾರಿ ಅಂತ ಇದೇ ಸಂಸ್ಥೆ 2021ರಲ್ಲಿ ಹೇಳಿತ್ತು. ಒಂದು ಕಾನೂನು, ಒಂದು ಶಿಕ್ಷಣ, ಮೂರನೆಯದು ಎರಡು ತಲೆಮಾರಿನವರು ಎದುರುಬದುರು ಬೆರೆಯುವುದು. ಮೊದಲ ಎರಡಕ್ಕೆ ಸರ್ಕಾರ ಬೇಕು. ಮೂರನೆಯದಕ್ಕೆ ನಾಲ್ಕು ಕುರ್ಚಿ ಸಾಕು.

ನಮ್ಮ ಮನೆಯಲ್ಲೇ ಅಜ್ಜ-ಅಜ್ಜಿ ಇದ್ದಾರಲ್ಲ, ಬೇರೆಯವರ ಜೊತೆ ಯಾಕೆ ಕೂರಬೇಕು?

ಇದನ್ನೇ ಎಲ್ಲರೂ ಮೊದಲು ಕೇಳುವುದು. ಮನೆಯಲ್ಲಿ ಹಿರಿಯರು ಇದ್ದರೆ ಬಹಳ ಒಳ್ಳೆಯದು, ಅವರನ್ನು ಬಿಟ್ಟು ಬನ್ನಿ ಅಂತ ನಾವು ಹೇಳುವುದಿಲ್ಲ. ಆದರೆ ಮನೆಯ ಮಾತಿಗೆ ಒಂದು ಭಾರ ಇರುತ್ತದೆ. ಓದಿದೆಯಾ, ಸ್ನಾನ ಆಯ್ತಾ, ಮೊಬೈಲ್ ಇಡು. ಅಲ್ಲಿ ಅಜ್ಜಿಗೆ ಮೊಮ್ಮಗಳು ಒಂದು ಜವಾಬ್ದಾರಿ. ಪಕ್ಕದ ಬೀದಿಯ ಅಜ್ಜಿಗೆ ಆ ಭಾರ ಇಲ್ಲ, ಹಾಗಾಗಿ ಕೇಳಿಸಿಕೊಳ್ಳುವುದು ಅವರಿಗೆ ಸುಲಭ. ಅಪ್ಪ-ಅಮ್ಮನ ಕಿವಿಗೆ ಬೀಳುತ್ತದೆ ಅನ್ನುವ ಭಯ ಇಲ್ಲದ್ದರಿಂದ ಹುಡುಗಿಗೂ ಮಾತಾಡುವುದು ಸುಲಭ.

ದಾವಣಗೆರೆಯ ಮಟ್ಟಿಗೆ ಇನ್ನೊಂದು ಕಾರಣ ಇದೆ, ನನಗೆ ಅದೇ ಮುಖ್ಯ. ಇದು ಕಾಲೇಜುಗಳ ಊರು. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೂವಿನಹಡಗಲಿ ಕಡೆಯಿಂದ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಇಲ್ಲಿಗೆ ಬಂದು ಹಾಸ್ಟೆಲ್ಲು, ಪೀಜಿ, ಬಾಡಿಗೆ ರೂಮಲ್ಲಿ ಇರುತ್ತಾರೆ. ಹದಿನಾರು ವರ್ಷದ ಹುಡುಗ, ಮೊದಲ ಸಲ ಮನೆ ಬಿಟ್ಟಿದ್ದಾನೆ, ಮೇಲೆ ನೀಟ್ ಕೋಚಿಂಗು, ಊಟ ಮೆಸ್ಸಲ್ಲಿ. ಅದೇ ರಸ್ತೆಯಲ್ಲಿ ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರೇ ವಯಸ್ಸಾದವರು ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕದಲ್ಲೋ. ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಸಂಜೆ ಒಂದು ಸುತ್ತು ಹಾಕಿ, ಗೇಟಿನ ಹತ್ತಿರ ಯಾರು ನಿಂತಿರುತ್ತಾರೆ ನೋಡಿ. ಇವರಿಗೆ ಮನೆ ಇದೆ, ಮಕ್ಕಳಿಲ್ಲ. ಅವರಿಗೆ ಮನೆ ಇಲ್ಲ. ಇಬ್ಬರನ್ನೂ ಪರಿಚಯ ಮಾಡಿಸುವವರು ಯಾರೂ ಇಲ್ಲ, ಅಲ್ವಾ?

ವೃದ್ಧಾಶ್ರಮಕ್ಕೆ ಹೋಗಿ ಹಣ್ಣು, ಬ್ರೆಡ್ ಹಂಚಿ ಬಂದರೆ ಸಾಲದಾ?

ಸಾಲದು. ನೇರವಾಗಿಯೇ ಹೇಳುತ್ತೇನೆ, ವರ್ಷಕ್ಕೊಂದು ಸಲ ಅಕ್ಟೋಬರ್ 1ರ ಹಿರಿಯರ ದಿನಾಚರಣೆಗೆ ಹೋಗಿ, ಶಾಲು ಹೊದಿಸಿ, ಫೋಟೋ ತೆಗೆದು ಬರುವುದರಿಂದ ಹಿರಿಯರಿಗೂ ಏನೂ ಸಿಗುವುದಿಲ್ಲ, ಮಕ್ಕಳಿಗೂ ಸಿಗುವುದಿಲ್ಲ. "ಪಾಪ, ವಯಸ್ಸಾದವರು" ಅನ್ನುವ ಭಾವನೆ ಮಕ್ಕಳಲ್ಲಿ ಇನ್ನೂ ಗಟ್ಟಿಯಾಗುತ್ತದೆ, ಅಷ್ಟೇ.

ಬೇರೆ ಬೇರೆ ಗುಂಪಿನವರನ್ನು ಸೇರಿಸಿದಾಗ ಪೂರ್ವಗ್ರಹ ಯಾವಾಗ ಕರಗುತ್ತದೆ ಅಂತ ಗಾರ್ಡನ್ ಆಲ್‌ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದರು. ಇಬ್ಬರೂ ಸರಿಸಮ ಇರಬೇಕು. ಇಬ್ಬರಿಗೂ ಒಂದೇ ಗುರಿ ಇರಬೇಕು. ಪೈಪೋಟಿ ಇಲ್ಲದೆ ಕೈಜೋಡಿಸಬೇಕು. ಊರಿನ ದೊಡ್ಡವರು, ಸಂಸ್ಥೆಗಳು ಇದಕ್ಕೆ ಬೆಂಬಲ ಕೊಡಬೇಕು. ಹಣ್ಣು ಹಂಚುವಾಗ ಇದರಲ್ಲಿ ಯಾವುದಿದೆ? ಒಬ್ಬರು ಕೊಡುತ್ತಾರೆ, ಒಬ್ಬರು ಕೈ ಚಾಚುತ್ತಾರೆ.

ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದೇ ಒಂದು ಕಡ್ಡಾಯ. ಒಬ್ಬ ಹಿರಿಯರು, ಒಂದು ಮಗು ಅಂತ ಕೂರುವ ಪ್ರತಿ ಜೋಡಿಯಲ್ಲೂ ಇಬ್ಬರಿಗೂ ಇನ್ನೊಬ್ಬರಿಂದ ಏನಾದರೂ ಬೇಕಾಗಿರಬೇಕು. ಬರೀ ಕೊಡುವವರು ಯಾರೂ ಇರಬಾರದು, ಬರೀ ತಗೊಳ್ಳುವವರೂ ಇರಬಾರದು.

ಹಾಗಾದರೆ ಕೂತು ಮಾಡುವುದೇನು?

ಕೈಗೆ ಕೆಲಸ ಬೇಕು. "ಮಾತಾಡಿ" ಅಂತ ಎದುರುಬದುರು ಕೂರಿಸಿದರೆ ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ. ಕೈಯಲ್ಲಿ ಏನಾದರೂ ಇದ್ದರೆ ಮಾತು ತಾನಾಗೇ ಬರುತ್ತದೆ.

ಒಂದು ಜೋಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಜ್ಜ ಇಲ್ಲಿನ ಹತ್ತಿ ಗಿರಣಿಯಲ್ಲಿ ಮಗ್ಗದ ಶೆಡ್ಡಿನಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು, ಗಿರಣಿಗಳೆಲ್ಲ ಒಂದೊಂದಾಗಿ ಮುಚ್ಚಿದ್ದು ಆಮೇಲೆ. ಮಗ್ಗದ ಸದ್ದಿಗೆ ಅವರ ಕಿವಿ ಅರ್ಧ ಹೋಗಿದೆ. ಹುಡುಗ ಪಿಯು ಸೈನ್ಸು, ಮಾತು ಕಮ್ಮಿ, ಆಡಿದರೂ ಗಂಟಲೊಳಗೇ. ಮೊದಮೊದಲು ಇಬ್ಬರೂ ಸುಮ್ನೆ ಕೂತಿರುತ್ತಿದ್ದರು. ಒಂದು ಭಾನುವಾರ ಅಜ್ಜ ಮನೆಯಿಂದ ಹತ್ತಿ ದಾರದ ಉಂಡೆ ತಂದರು. ಹಾಸಿನ ಎಳೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ದಾರ, ಹರಿದಾಗ ನೇಕಾರರು ಹಾಕುವ ಗಂಟು ತೋರಿಸಿದರು. ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಎರಡು ತುದಿ ಅಡ್ಡಡ್ಡ ಹಿಡಿದು, ಒಂದು ಎಳೆಯನ್ನು ಹೆಬ್ಬೆರಳಿನ ಸುತ್ತ ತಂದು, ಇನ್ನೊಂದನ್ನು ಒಳಗೆ ನುಗ್ಗಿಸಿ ಎಳೆದರೆ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆ ಗಂಟು ಸಾಸಿವೆಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಎಳೆಗಳು ಹಾದುಹೋಗುವ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕಿಕೊಂಡು ಎಳೆ ಮತ್ತೆ ಹರಿಯುತ್ತದೆ. ಹುಡುಗನಿಗೆ ಬರಲಿಲ್ಲ. ಬರುವವರೆಗೂ ಬಿಡಲಿಲ್ಲ. ಅವನ ಮೊಬೈಲ್ ಜೇಬಿನಲ್ಲೇ ಇತ್ತು.

ಗಿರಣಿಯಲ್ಲಿ ಅಷ್ಟು ಸದ್ದಿನ ನಡುವೆ ಹೇಗೆ ಮಾತಾಡುತ್ತಿದ್ದಿರಿ ಅಂತ ಅವನು ಕೇಳಿದ. ತುಟಿ ನೋಡಿ, ಕೈಸನ್ನೆ ಮಾಡಿ ಅಂತ ಅಜ್ಜ ಹೇಳಿದರು, ಈಗಲೂ ನನಗೆ ನಿನ್ನ ತುಟಿ ಕಂಡರೆ ಅರ್ಧ ಅರ್ಥ ಆಗುತ್ತದೆ ಅಂದರು. ಆವತ್ತಿನಿಂದ ಹುಡುಗ ಅವರ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂರುತ್ತಾನೆ, ಬಾಯಿ ಬಿಟ್ಟು ನಿಧಾನ ಮಾತಾಡುತ್ತಾನೆ. ಅವನ ಕ್ಲಾಸ್ ಟೀಚರು "ಹುಡುಗ ಈಗ ಗಟ್ಟಿಯಾಗಿ ಉತ್ತರ ಹೇಳುತ್ತಾನೆ" ಅಂತ ಅವರಮ್ಮನ ಹತ್ತಿರ ಹೇಳಿದರಂತೆ. ಇಂಥದ್ದನ್ನು ಯಾವ ಕೌನ್ಸೆಲಿಂಗ್ ಕ್ಲಾಸಿನಲ್ಲಿ ಕಲಿಸುತ್ತೀರಿ?

ಬೇರೆ ಜೋಡಿಗಳು ಬೇರೆ ಬೇರೆ ಕೆಲಸ ಮಾಡುತ್ತವೆ. ಪೇಪರ್ ಗಟ್ಟಿಯಾಗಿ ಓದುವುದು, ಚೌಕಾಬಾರ, ಚನ್ನಮಣೆ, ಕುಂಡದಲ್ಲಿ ಮೆಂತ್ಯ ಬೆಳೆಯುವುದು, ಕಸೂತಿ, ರೇಡಿಯೋ ರಿಪೇರಿ. ಹಳೇ ದಾವಣಗೆರೆಯ ನಕ್ಷೆ ಬರೆಯುವುದು ಮಕ್ಕಳಿಗೆ ಬಹಳ ಇಷ್ಟ. ಯಾವ ಗಿರಣಿ ಎಲ್ಲಿತ್ತು, ನಾಟಕ ಕಂಪನಿಯ ಟೆಂಟು ಎಲ್ಲಿ ಬೀಳುತ್ತಿತ್ತು, ಮಂಡಕ್ಕಿ ಭಟ್ಟಿಗಳ ಹೊಗೆ ಯಾವ ಕಡೆಯಿಂದ ಬರುತ್ತಿತ್ತು ಎಲ್ಲ ಅದರಲ್ಲಿ ಬರುತ್ತದೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿದವರು ಒಬ್ಬರಿದ್ದರಂತೂ ಒಂದು ತಾಸು ಹೋದದ್ದೇ ಗೊತ್ತಾಗುವುದಿಲ್ಲ.

ಮಕ್ಕಳು ಮೊಬೈಲ್ ಕಲಿಸಿದರೆ ಸಾಕಲ್ವಾ?

ಶುರುವಿಗೆ ಒಳ್ಳೆಯದು, ಯಾಕೆಂದರೆ ಹಿರಿಯರಿಗೆ ಅದು ನಿಜವಾಗಿ ಬೇಕು. ವಿಡಿಯೋ ಕಾಲ್, ವಾಟ್ಸಾಪ್‌ನಲ್ಲಿ ಬರುವ ಸುಳ್ಳು ಸುದ್ದಿ ಗುರುತಿಸುವುದು, ಅಕ್ಷರ ದೊಡ್ಡದು ಮಾಡಿಕೊಳ್ಳುವುದು. ಆದರೆ ಕಲಿಸಬೇಕು, ಮಾಡಿಕೊಡಬಾರದು. ಫೋನು ಅಜ್ಜಿಯ ಕೈಯಲ್ಲೇ ಇರಬೇಕು, ಒತ್ತುವ ಬೆರಳೂ ಅವರದ್ದೇ ಆಗಿರಬೇಕು. ಹುಡುಗರು ಫಟ್ ಅಂತ ಕಸಿದುಕೊಂಡು ಟಕಟಕ ಒತ್ತಿ ವಾಪಸ್ ಕೊಟ್ಟರೆ ಅಜ್ಜಿ ಕಲಿಯುವುದು "ನನ್ನ ಕೈಲಿ ಆಗಲ್ಲ" ಅನ್ನುವುದನ್ನು ಮಾತ್ರ.

ಪೊಲೀಸರೋ ಸಿಬಿಐನವರೋ ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಮಾಡುವುದು ಅಂತ ಕಾನೂನಿನಲ್ಲಿ ಇಲ್ಲವೇ ಇಲ್ಲ, ಇದನ್ನು ಮೊದಲ ದಿನವೇ ಹೇಳಿಕೊಡಿ. ಇಂಥ ಮೋಸದಲ್ಲಿ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಈ ನಂಬರನ್ನು ಮಗು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಬ್ಯಾಂಕು, ಪಿನ್, ಒಟಿಪಿ ವಿಷಯಕ್ಕೆ ಮಾತ್ರ ಮಕ್ಕಳನ್ನು ಎಳೆಯಲೇಬಾರದು. ನಾಳೆ ಖಾತೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಅನುಮಾನ ಬರುವುದು ಆ ಮಗುವಿನ ಮೇಲೆ.

ಬೇರೆ ಕಡೆ ಇಂಥದ್ದು ನಡೆದಿದೆಯಾ?

ನಡೆದಿದೆ. ನೆದರ್ಲೆಂಡ್ಸ್‌ನ ಡೆವೆಂಟರ್ ಊರಿನ ಒಂದು ವೃದ್ಧಾಶ್ರಮ 2012ರಿಂದ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲದೆ ರೂಮು ಕೊಡುತ್ತಿದೆ. ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿ ಇರಬೇಕು. ಹಾಸ್ಟೆಲ್ ಕೊರತೆ ಇರುವ ನಮ್ಮ ಊರಿನವರು ಇದನ್ನು ಯೋಚಿಸಬೇಕು, ಆದರೆ ಅಲ್ಲಿರುವವರು 18 ದಾಟಿದವರು. ಬ್ರೆಜಿಲ್‌ನ ಒಂದು ಇಂಗ್ಲಿಷ್ ಕಲಿಸುವ ಸಂಸ್ಥೆ 2014ರ ಸುಮಾರಿಗೆ ತನ್ನ ಮಕ್ಕಳನ್ನು ಷಿಕಾಗೋದ ಹಿರಿಯರ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿತು. ಮಕ್ಕಳಿಗೆ ಇಂಗ್ಲಿಷ್ ಅಭ್ಯಾಸ ಆಯಿತು, ಅವರಿಗೆ ಮಾತಿನ ಜೊತೆ ಸಿಕ್ಕಿತು. ಇದನ್ನು ನಾವು ನಾಳೆಯೇ ಮಾಡಬಹುದು. ಇಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರುಗಳಿಗೆ ಏನು ಬರವೇ? ಜಗಳೂರು ತಾಲ್ಲೂಕಿನ ಸರ್ಕಾರಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಮಾತಾಡಲು ಯಾರಾದರೂ ಬೇಕೇ ಬೇಕು.

ಜೋಡಿ ಹೇಗೆ ಹೊಂದಿಸುತ್ತೀರಿ? ಬದಲಾಯಿಸಬಹುದಾ?

ಆಸಕ್ತಿ ನೋಡಿ ಹೊಂದಿಸುತ್ತೇವೆ, ಮೊದಲ ಎರಡು ಮೂರು ವಾರ ಎಲ್ಲರೂ ಎಲ್ಲರ ಜೊತೆ ಕೂರಲಿ ಅಂತ ಬಿಡುತ್ತೇವೆ. ಆಮೇಲೆ ಅದೇ ಜೋಡಿ ಮುಂದುವರಿಯಬೇಕು. ವಾರಕ್ಕೊಬ್ಬ ಹೊಸ ಹುಡುಗ ಬಂದು "ನಿಮ್ಮ ಹೆಸರೇನು ಅಜ್ಜಿ" ಅಂದರೆ ಅಜ್ಜಿಗೆ ಸುಸ್ತಾಗುತ್ತದೆ. ಹೊಂದಲಿಲ್ಲ ಅಂದರೆ ಬದಲಾಯಿಸಿ, ಕಾರಣ ಕೇಳುತ್ತಾ ಕೂರಬೇಡಿ.

ಹಿರಿಯರು ಬರೀ ಬುದ್ಧಿವಾದ ಹೇಳುತ್ತಾರೆ ಅಂತ ಮಕ್ಕಳು ಓಡಿ ಹೋಗುತ್ತಾರೆ. ಏನು ಮಾಡುವುದು?

ಹಿರಿಯರಿಗೆ ಮೊದಲೇ, ಮಕ್ಕಳು ಬರುವುದಕ್ಕೆ ಮುಂಚೆ, ಪ್ರತ್ಯೇಕವಾಗಿ ಕೂರಿಸಿ ಹೇಳಬೇಕು. ಮಾರ್ಕ್ಸ್ ಎಷ್ಟು ಅಂತ ಕೇಳಬೇಡಿ. ಮುಂದೆ ಏನಾಗ್ತೀಯಾ ಅಂತ ಕೇಳಬೇಡಿ. ಬಣ್ಣ, ದಪ್ಪ-ತೆಳ್ಳಗೆ, ಬಟ್ಟೆ, ಹೇರ್‌ಕಟ್ ಬಗ್ಗೆ ಮಾತು ಬೇಡ. "ನಿಮ್ಮದು ಯಾವ ಪೈಕಿ?" ಅನ್ನುವ ಪ್ರಶ್ನೆಯಂತೂ ಬೇಡವೇ ಬೇಡ. ನಮ್ಮ ಕಡೆ ಅದು ಹೆಸರು ಕೇಳಿದ ಮೇಲೆ ಬರುವ ಎರಡನೇ ಪ್ರಶ್ನೆ, ಕೆಟ್ಟ ಉದ್ದೇಶ ಇಲ್ಲದೆಯೂ ಬಾಯಿಗೆ ಬಂದುಬಿಡುತ್ತದೆ. ಆದರೆ ಆ ಒಂದು ಪ್ರಶ್ನೆಗೆ ಮುಂದಿನ ವಾರ ಒಂದು ಮಗು ಬರುವುದು ನಿಲ್ಲುತ್ತದೆ. ಇದರಲ್ಲಿ ರಾಜಿ ಇಲ್ಲ. ಟೀ ಕುಡಿಯುವ ಲೋಟದ ವಿಷಯದಲ್ಲೂ ಅಷ್ಟೇ, ಎಲ್ಲರಿಗೂ ಒಂದೇ ಥರದ ಲೋಟ, ಎಲ್ಲರೂ ಒಟ್ಟಿಗೆ ಕುಡಿಯಬೇಕು. ಒಪ್ಪದವರು ಮನೆಯಲ್ಲಿರಲಿ.

ಮಕ್ಕಳಿಗೂ ಹೇಳಬೇಕು. ಒಂದೇ ಕಥೆ ಎರಡನೇ ಸಲ ಬಂದರೆ "ಹೇಳಿದ್ರಿ ಬಿಡಿ" ಅನ್ನಬೇಡಿ, ಅದೇ ಕಥೆಯಲ್ಲಿ ಬೇರೆ ಪ್ರಶ್ನೆ ಕೇಳಿ. ಮರೆವು ಇರುವವರಿಗೆ "ನೆನಪಿದೆಯಾ? ನನ್ನ ಹೆಸರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಹೆಸರನ್ನು ನೀವೇ ಹೇಳಿ ಕೂತುಕೊಳ್ಳಿ.

ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರಿಗೆ ಭಯ. ಸುರಕ್ಷತೆ ಹೇಗೆ?

ಭಯ ಸರಿಯಾಗಿಯೇ ಇದೆ. ಗಂಡುಮಕ್ಕಳ ವಿಷಯದಲ್ಲೂ ಇರಬೇಕು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ. "ಇವರು ನಮಗೆ ಗೊತ್ತಿರುವ ದೊಡ್ಡ ಮನುಷ್ಯರು" ಅನ್ನುವುದು ಸುರಕ್ಷತೆ ಅಲ್ಲ. ಕೂರುವುದು ಎಲ್ಲರಿಗೂ ಕಾಣುವ ಜಾಗದಲ್ಲಿ, ಬಾಗಿಲು ತೆರೆದಿರಬೇಕು. ಯಾರ ಮನೆಗೂ ಮಗು ಒಂಟಿಯಾಗಿ ಹೋಗಬಾರದು, ಹಾಸಿಗೆ ಹಿಡಿದವರ ಮನೆಗೆ ಹೋಗುವುದಾದರೆ ಇಬ್ಬರು ಮಕ್ಕಳು ಮತ್ತು ಒಬ್ಬ ಜವಾಬ್ದಾರಿ ಇರುವ ದೊಡ್ಡವರು ಹೋಗಬೇಕು. ಪೋಷಕರ ಒಪ್ಪಿಗೆ ಬರಹದಲ್ಲಿ ಬೇಕು. ಉಡುಗೊರೆ, ದುಡ್ಡು ಎರಡೂ ಕಡೆಯಿಂದ ಬೇಡ. ಮಕ್ಕಳು ಮಾತ್ರೆ, ಇನ್ಸುಲಿನ್ ಕೊಡಬಾರದು, ಎತ್ತಿ ಕೂರಿಸಬಾರದು. ಮಕ್ಕಳ ಸಹಾಯವಾಣಿ 1098, ಹಿರಿಯರಿಗೆ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಮೂರನ್ನೂ ಕೂರುವ ಜಾಗದಲ್ಲಿ ದೊಡ್ಡದಾಗಿ ಬರೆದು ಹಾಕಿ.

ಮಗು ಅಜ್ಜಿಯ ಹತ್ತಿರ ಸಾಯುವ ಮಾತಾಡಿದರೆ, ಅಥವಾ ಅಜ್ಜ ಮಗುವಿನ ಹತ್ತಿರ ಮನೆಯಲ್ಲಿ ಹೊಡೆಯುತ್ತಾರೆ, ಊಟ ಹಾಕುವುದಿಲ್ಲ ಅಂತ ಹೇಳಿಕೊಂಡರೆ, ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಯಾರಿಗೆ ಹೇಳಬೇಕು ಅನ್ನುವುದೂ ಗೊತ್ತಿರಬೇಕು. ಹೆತ್ತವರನ್ನು, ಹಿರಿಯರನ್ನು ನೋಡಿಕೊಳ್ಳದಿದ್ದರೆ ಜೀವನಾಂಶ ಕೇಳಲು 2007ರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗಳ ಹತ್ತಿರ ಅರ್ಜಿ ಕೊಡಬಹುದು. ಈ ದಾರಿ ತೋರಿಸುವುದು ದೊಡ್ಡವರ ಕೆಲಸ, ಮಗುವಿನದ್ದಲ್ಲ.

ಎಲ್ಲಿ ಸೇರುವುದು?

ಎಲ್ಲರೂ ಅಳುಕಿಲ್ಲದೆ ಕಾಲಿಡುವ ಜಾಗ. ಸರ್ಕಾರಿ ಶಾಲೆಯ ಜಗಲಿ, ಪಾರ್ಕು, ಲೈಬ್ರರಿ. ಮೆಟ್ಟಿಲು ಕಮ್ಮಿ ಇರಲಿ. ಕೈ ಇರುವ ಕುರ್ಚಿ ಬೇಕು, ಏಳುವಾಗ ಊರಿಕೊಳ್ಳಲು. ಶೌಚಾಲಯ ಹತ್ತಿರದಲ್ಲೇ ಇರಬೇಕು, ಇದು ಬಹಳ ಜನ ಮರೆಯುವ ವಿಷಯ. ಎಷ್ಟೋ ಹಿರಿಯರು ಬರದೇ ಇರುವುದಕ್ಕೆ ಇದೊಂದೇ ಕಾರಣ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಫ್ಯಾನು, ಮೈಕು, ಹಾಡು ಬೇಡ. ಶ್ರವಣಯಂತ್ರ ಹಾಕಿದವರಿಗೆ ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ.

ಹೊರಗೆ ಕರೆದುಕೊಂಡು ಹೋಗಬಹುದಾ?

ಖಂಡಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಅಜ್ಜಿಯರಿಗೂ ಹುಡುಗಿಯರಿಗೂ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಮರೆಯಬೇಡಿ. 60 ದಾಟಿದ ಅಜ್ಜಂದಿರಿಗೆ ಶೇ. 25 ರಿಯಾಯಿತಿ. ಹರಿಹರಕ್ಕೆ ಹೋಗಿ ಬರುವುದು ಸಲೀಸು. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಎರಡನೇ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮಕ್ಕಳು ಮೊದಲೇ ಓದಿಕೊಂಡು ಬಂದು ವಿವರಿಸಲಿ, ಹಿರಿಯರು ಹೊಳೆ ತುಂಬಿದ ವರ್ಷಗಳನ್ನು ಹೇಳಲಿ. ಕುಂದುವಾಡ ಕೆರೆ ಏರಿ ಮೇಲೆ ಬೆಳಗಿನ ನಡಿಗೆಯೂ ಸಾಕು. ಸಂತೇಬೆನ್ನೂರು ಪುಷ್ಕರಣಿಗೆ ಹೋದರೆ ಮೆಟ್ಟಿಲು ಇಳಿಯಲಾಗದವರಿಗೆ ಮೇಲೆ ಕೂರುವ ವ್ಯವಸ್ಥೆ ಮಾಡಿಕೊಳ್ಳಿ.

ಗುಂಪಿನ ಹಿರಿಯರು ತೀರಿಕೊಂಡರೆ ಮಕ್ಕಳ ಮೇಲೆ ಏನಾಗುತ್ತದೆ?

ಅಳುತ್ತಾರೆ. ಅಳಲಿ ಬಿಡಿ. ಸುದ್ದಿಯನ್ನು ಮುಚ್ಚಿಡಬೇಡಿ, "ಊರಿಗೆ ಹೋಗಿದ್ದಾರೆ" ಅನ್ನಬೇಡಿ, ವಾಟ್ಸಾಪ್ ಗುಂಪಿನಲ್ಲಿ ಹಾಕುವುದಕ್ಕೆ ಮೊದಲು ಆ ಮಗುವಿಗೆ ಒಬ್ಬರು ಎದುರಿಗೇ ಹೇಳಿ. ಮನೆಯವರು ಒಪ್ಪಿದರೆ ಅಂತಿಮ ದರ್ಶನಕ್ಕೆ ಕರೆದುಕೊಂಡು ಹೋಗಿ. ಇನ್ನೊಬ್ಬರ ಜೊತೆ ತಕ್ಷಣ ಜೋಡಿ ಮಾಡಬೇಡಿ, ಮಗುವೇ ಕೇಳಲಿ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿಸಿ.

ಓದಿಗೆ ತೊಂದರೆ ಆಗುವುದಿಲ್ಲವಾ?

ವಾರಕ್ಕೆ ಒಂದು, ಒಂದೂವರೆ ತಾಸಿಗೆ ಏನೂ ಆಗುವುದಿಲ್ಲ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ಇರುವ ಕಾಲೇಜಿನವರು ಪ್ರಾಂಶುಪಾಲರನ್ನು ಕೇಳಿ, ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಕೆಲಸ ಹೇಗೂ ಮಾಡಬೇಕು, ಅದಕ್ಕೇ ಸೇರಿಸಿಕೊಳ್ಳಬಹುದು.

ಖರ್ಚು ಎಷ್ಟು ಬರುತ್ತದೆ?

ಟೀ, ಖಾರ ಮಂಡಕ್ಕಿ. ಸಕ್ಕರೆ ಕಾಯಿಲೆ ಇರುವವರಿಗೆ ಟೀ ಬೇರೆ, ಹಲ್ಲಿಲ್ಲದವರಿಗೆ ಮಂಡಕ್ಕಿ ಒಗ್ಗರಣೆ. ಮಿರ್ಚಿ ಬೇಡ ಅಂತ ಹೇಳಿದರೆ ನಮ್ಮೂರಲ್ಲಿ ಜಗಳ ಆಗುತ್ತದೆ, ತಿಂಗಳಿಗೊಂದು ಸಲ ಇರಲಿ.

ಯಾವಾಗ ಶುರು ಮಾಡಿದರೆ ಒಳ್ಳೆಯದು?

ಜೂನ್-ಜುಲೈ. ಕಾಲೇಜು ಶುರುವಾಗಿರುತ್ತದೆ, ಹಾಸ್ಟೆಲ್ಲಿಗೆ ಹೊಸದಾಗಿ ಬಂದ ಮಕ್ಕಳಿಗೆ ಮನೆ ನೆನಪು ಜಾಸ್ತಿ ಇರುವ ಕಾಲವೂ ಅದೇ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ ಅಂತ ಮಕ್ಕಳು ಬರುವುದಿಲ್ಲ, ಆಗ ಹಿರಿಯರೇ ವಾರಕ್ಕೊಂದು ಸಲ ಎರಡು ನಿಮಿಷ ಫೋನ್ ಮಾಡಲಿ, ಓದಿನ ಬಗ್ಗೆ ಕೇಳದೆ ಊಟದ ಬಗ್ಗೆ ಕೇಳಲಿ. ಏಪ್ರಿಲ್, ಮೇ ಬಿಸಿಲಿಗೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಸಂಜೆ ಬೇಡ, ಮಕ್ಕಳಿಗೆ ಟ್ಯೂಷನ್ ಇರುತ್ತದೆ, ಹಿರಿಯರಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಮೂರು ಜನ ಹಿರಿಯರು, ಮೂರು ಮಕ್ಕಳು, ಜವಾಬ್ದಾರಿ ತಗೊಳ್ಳುವ ಇಬ್ಬರು ದೊಡ್ಡವರು ಸಿಕ್ಕರೆ ಮುಂದಿನ ಭಾನುವಾರವೇ ಕೂರಬಹುದು. ಹೆಚ್ಚು ಜನ ಸೇರಲಿ ಅಂತ ಕಾಯಬೇಡಿ, ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮಾತ್ರ ಶನಿವಾರವೇ ವಿಚಾರಿಸಿಟ್ಟುಕೊಳ್ಳಿ.